ಎರಡು ಕಾರೇಹಟ್ಟಿ

"ಕುಡೀರಿ!"

ನೀರಿನ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿ ಸುಮಲತಾ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಗುಡೇಕೋಟೆ ಕಡೆಯಿಂದ ಬಸ್ಸು ಬದಲಿಸಿ ಹಗರಿಬೊಮ್ಮನಹಳ್ಳಿಗೆ ಬಂದವಳು, ತಲೆತುಂಬ ದಾರಿಯ ಧೂಳು.

ಕಂಪ್ಯೂಟರ್ ಮುಂದಿದ್ದ ಹಂಪೇಶ್ ತಬ್ಬಿಬ್ಬಾದ. "ಯಾರ್ರಿ ನೀವು?"

"ಕೂಡ್ಲಿಗಿ ತಾಲೂಕಿನ ಕಾರೇಹಟ್ಟಿಯಾಕಿ. ಅಂಗನವಾಡಿ ಟೀಚರ್. ನಮ್ಮೂರ ನೀರಿನಾಗ ವಿಷ ಐತಿ ಅಂತ ಊರಿಗೆಲ್ಲಾ ಡಂಗುರ ಹೊಡದೀರಲ್ಲ... ಈಗ ನೀವ ಕುಡುದು ನೋಡ್ರಿ!"

ಅವನು ಒಮ್ಮೆ ಅವಳ ಮುಖ ನೋಡಿದ. ಬಾಟಲಿ ಎತ್ತಿ ಗಟಗಟ ಅರ್ಧ ಕುಡಿದುಬಿಟ್ಟ!

ಇದನ್ನು ಸುಮಲತಾ ಎಣಿಸಿರಲಿಲ್ಲ. ಜಗಳಕ್ಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ವ್ಯರ್ಥವಾಯಿತು.

"ಸಿಹಿ ಐತ್ರಿ," ಎಂದ ಮೆಲ್ಲಗೆ. "ಆದ್ರ ಫ್ಲೋರೈಡ್ ನಾಲಿಗಿಗೆ ಗೊತ್ತಾಗಂಗಿಲ್ಲ. ಹಲ್ಲಿಗೆ, ಎಲುಬಿಗೆ ಗೊತ್ತಾಗತೈತಿ. ಕುಂದರ್ರಿ... ಏನಾತು ಹೇಳ್ರಿ."

ಕೇಳಿದ್ದೇ ತಡ, ಅವಳ ದುಃಖದ ಕಟ್ಟೆ ಒಡೆಯಿತು.

"ನನ್ನ ತಂಗಿ ಪುಷ್ಪಲತಾನ ಮದುವಿ ಮುರುದು ಬಿತ್ರಿ! ಗಂಡಿನ ಅಣ್ಣ ಕೊಟ್ಟೂರಾಗ ಇಂಟರ್ನೆಟ್ ಸೆಂಟರ್ ಇಟ್ಟಾನ. ನಮ್ಮೂರ ಹೆಸರು ಹಾಕಿ ನೋಡ್ಯಾನ. 'ಆ ನೀರು ಕುಡುದ ಹೆಣ್ಣಿನ ಎಲುಬು ಗಟ್ಟಿ ಇರಂಗಿಲ್ಲ' ಅಂತ ಹೇಳಿ ಕಳಿಸ್ಯಾರ. ಅವತ್ತಿಂದ ಆಕಿ ಬಾಯಿಗೆ ದುಪಟ್ಟಾ ಅಡ್ಡ ಹಿಡಕೊಂಡು ಮಾತಾಡತಾಳ... ಮುತ್ತಿನಂಥ ಹಲ್ಲು ರೀ ಆಕಿವು!"

ಅದು 2009ರ ಬೇಸಿಗೆ. ನೀರಿನ ಬಗ್ಗೆ ಕೆಲಸ ಮಾಡುವ ಪುಟ್ಟ ಸಂಸ್ಥೆಯೊಂದರ ಕಚೇರಿ ಅದು. ಊರುಗಳ ಮಾಹಿತಿ ಒಬ್ಬರ ಹತ್ತಿರ, ಬೋರ್‌ವೆಲ್‌ಗಳದ್ದು ಇನ್ನೊಬ್ಬರ ಹತ್ತಿರ, ನೀರಿನ ಪರೀಕ್ಷೆಯದ್ದು ಮತ್ತೊಬ್ಬರ ಹತ್ತಿರ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಒಂದಕ್ಕೊಂದು ಬೆಸೆದು, ಯಾರು ಬೇಕಾದರೂ ನೋಡುವಂತೆ ತೆರೆದಿಡುವುದೇ ಹಂಪೇಶನ ಕೆಲಸ.

"ಇಲ್ನೋಡ್ರಿ. ಪ್ರತಿ ಊರಿಗೂ ತನ್ನದ ಒಂದು ವಿಳಾಸ. ಊರಿಂದ ಬೋರಿಗೆ ಒಂದು ಕೊಂಡಿ, ಬೋರಿಂದ ಪರೀಕ್ಷೆಗೆ ಒಂದು ಕೊಂಡಿ. ಒಂದ ಪ್ರಶ್ನಿ ಕೇಳಿದ್ರ ಎಲ್ಲಾ ಕಡಿಯಿಂದ ಕೂಡಿ ಉತ್ತರ ಬರತೈತಿ."

ಸಂಸ್ಥೆ ಕೆಲಸ ಮಾಡುವ ಐದೂ ತಾಲೂಕಿನಲ್ಲಿ ಯಾವ ಊರಿನ ನೀರು ಕುಡಿಯಬಾರದು ಎಂದು ಕೇಳಿದ. ಉತ್ತರದಲ್ಲಿ ಎಲ್ಲಕ್ಕಿಂತ ಮೇಲೆ ಕಾರೇಹಟ್ಟಿ!

"ಅಳಸ್ರಿ ಅದನ್ನ! ನಿಮ್ಮ ಕಾಲಿಗೆ ಬೀಳ್ತೀನಿ..."

"ಖರೇ ಇದ್ರ ಅಳಿಸಿ ಏನು ಮಾಡೋಣ್ರಿ? ನಿಮ್ಮ ಅಂಗನವಾಡಿ ಹುಡುಗ್ರೂ ಅದನ್ನ ಕುಡೀತಾವಲ್ಲ. ನಾಳಿ ನಾನ ಬರ್ತೀನಿ. ನೀರು ಒಯ್ದು ಮತ್ತೆ ಪರೀಕ್ಷೆ ಮಾಡಸ್ತೀನಿ."

ಮಾತಿನಂತೆ ಬಂದ. ಸುಡುಬಿಸಿಲಲ್ಲಿ ಒಂದೊಂದು ಬೋರಿಗೂ ಅವಳ ಜೊತೆ ನಡೆದ. ಪುಷ್ಪಲತಾ ಒಳಕೋಣೆಯಿಂದ ಹೊರಗೆ ಬರಲಿಲ್ಲ. ಅವನು ಬಾಗಿಲಾಚೆಯಿಂದಲೇ, "ತಂಗಿ, ತಪ್ಪು ನನ್ನದಾಗಿದ್ರ ನಾನ ತಿದ್ದತೀನಿ ನೋಡವ್ವ," ಎಂದ. ಆ ದನಿಯಲ್ಲಿದ್ದ ಮಮತೆಗೆ ಸುಮಲತಾಳ ಎದೆ ಕರಗಿತು.

'ಅಯ್ಯೋ... ಇಂಥವನ ಮೇಲೆ ಸಿಟ್ಟಾಗಿರುವುದು ಎಷ್ಟು ಕಷ್ಟ!'

ವರದಿ ಬಂತು. ಕಾರೇಹಟ್ಟಿಯ ನೀರು ಚೊಕ್ಕ!

ಸುಮಲತಾ ಕುಣಿದುಕೊಂಡೇ ಕಚೇರಿಗೆ ಬಂದಳು. ಆದರೆ ಹಂಪೇಶನ ಮುಖ ಬಿಳಿಚಿತ್ತು.

"ಹಳೇ ಪರೀಕ್ಷೆಯೊಳಗ ಬರೇ ಊರ ಹೆಸರು ಇತ್ರಿ, ತಾಲೂಕು ಬರದಿರಲಿಲ್ಲ. ನಿಮ್ಮೂರು ಅಂತ ನಾನ ಕೊಂಡಿ ಹಾಕಿದೆ. 'ಆ ಹೆಸರು, ಈ ಊರು ಎರಡೂ ಒಂದ' ಅಂತ. ಆದ್ರ ಇನ್ನೊಂದು ಕಾರೇಹಟ್ಟಿ ಐತಿ... ಹರಪನಹಳ್ಳಿ ತಾಲೂಕಿನಾಗ, ತೆಲಿಗಿ ಹತ್ರ."

"ಹಂಗಾದ್ರ ಈಗ್ಲೇ ತಿದ್ದ್ರಿ!"

ಅವನು ಅವಳ ಕಡೆ ತಿರುಗಿಯೂ ನೋಡದೆ ಚೀಲ ಹೆಗಲಿಗೇರಿಸಿ ಹೊರಟುಹೋದ.

ಪಕ್ಕದ ಮೇಜಿನ ಯರ್ರಿಸ್ವಾಮಿ ತಲೆ ಎತ್ತಿದ. "ತೆಲಿಗಿ ಹತ್ರದ್ದಾ? ಅದು ಹಂಪೇಶನ ಊರ ಅಲ್ಲೇನ್ರಿ!"

ಅವಳು ಬಾಗಿಲಿಗೆ ಓಡಿ ಬಂದು ನೋಡಿದಳು; ಅವನು ಆಗಲೇ ಹೋಗಿದ್ದ.

'ತನ್ನೂರ ಕಲೆಯನ್ನು ನಮ್ಮೂರಿಗೆ ಒರೆಸಿದನೇ? ನನ್ನ ತಂಗಿಯ ಬಾಳು ಹಾಳಾದರೂ ಸರಿ, ಇವನ ಊರು ಚೆಂದ ಕಾಣಬೇಕೇ? ಛೇ... ಇಂಥವನಿಗೆ ನಾನು ಮನಸ್ಸು ಕೊಟ್ಟೆನಲ್ಲ!'

ಕೂಡ್ಲಿಗಿಯ ಇಂಟರ್ನೆಟ್ ಸೆಂಟರಿನಲ್ಲಿ ಮತ್ತೆ ಮತ್ತೆ ನೋಡಿಸಿದಳು. ಕಾರೇಹಟ್ಟಿಯ ಹೆಸರಿನ ಮುಂದೆ ಅದೇ ಕಲೆ! ಅಷ್ಟರಲ್ಲಿ ಕೊಟ್ಟೂರಿನವರು ಬೇರೆ ಹೆಣ್ಣು ನೋಡಹೊರಟ ಸುದ್ದಿ ಬಂತು. ಪುಷ್ಪಲತಾ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಅಪ್ಪ ಬೆನಕಪ್ಪ ಊರ ಕಟ್ಟೆಗೆ ಹೋಗುವುದನ್ನೇ ಬಿಟ್ಟ.

ಇನ್ನು ತಡೆಯಲಾಗಲಿಲ್ಲ. 'ಅವನ ತಾಯಿಯ ಮುಂದೆಯೇ ಅವನ ಬಣ್ಣ ಬಯಲು ಮಾಡುತ್ತೇನೆ!' ಎಂದು ಸುಮಲತಾ ತೆಲಿಗಿಯ ಬಸ್ಸು ಹತ್ತಿದಳು.

ಆ ಇನ್ನೊಂದು ಕಾರೇಹಟ್ಟಿಯ ಊರ ಬಾಗಿಲಲ್ಲಿ ಆಡುತ್ತಿದ್ದ ಮಕ್ಕಳನ್ನು ದಾರಿ ಕೇಳಿದಳು. ಅವು ನಕ್ಕವು. ಹಲ್ಲಿನ ತುಂಬ ಕಂದು ಗೆರೆಗಳು!

ಅಂಗನವಾಡಿ ಟೀಚರಮ್ಮನ ಕಾಲು ಅಲ್ಲೇ ಕಟ್ಟಿಹೋಯಿತು. ಒಂದು ಕ್ಷಣ ತಂಗಿಯ ಮದುವೆಯೂ ಮರೆತುಹೋಯಿತು.

ಬೋರಿನ ಹತ್ತಿರ ಜನ ಕೂಗಾಡುತ್ತಿದ್ದರು. "ಊರ ಮಾನ ಕಳದೆಲ್ಲಲೇ ಹಂಪ್ಯಾ! ಇನ್ನ ನಮ್ಮ ಮನಿಗಳಿಗೆ ಹೆಣ್ಣು ಕೊಡೋರ್ಯಾರು?"

ಹಂಪೇಶ್ ಕುಂಚ ಹಿಡಿದು ನಿಂತಿದ್ದ. ಈ ನೀರು ಕುಡಿಯಬಾರದೆಂಬ ಗುರುತಿಗೆ ಬೋರಿಗೆ ಆಗಷ್ಟೇ ಕೆಂಪು ಬಣ್ಣ ಬಳಿದಿದ್ದ. ಕೈಯೂ ಕೆಂಪು. ಪಕ್ಕದ ಕಲ್ಲಿನ ಮೇಲೆ ಅವನ ತಾಯಿ ನಾಗಲಿಂಗಮ್ಮ, ನಡು ನೆಟ್ಟಗಾಗದೆ ಬಾಗಿಯೇ ಕೂತಿದ್ದಳು.

ಬೈದು ಬೈದು ಜನ ಚದುರಿದರು. ಸುಮಲತಾ ಎದುರಿಗೆ ಬಂದಳು. "ಇಷ್ಟು ದಿನ ಯಾಕ ಸುಮ್ಮನಿದ್ರಿ?"

"ಆ ಕೊಂಡಿ ಅವತ್ತ ಕಡಿದೀನ್ರಿ. ಆದ್ರ ತೆರೆದಿಟ್ಟ ಮಾಹಿತಿ... ನಕಲು ಮಾಡಿಕೊಂಡೋರು ಬಾಳ ಮಂದಿ. ಒಬ್ಬೊಬ್ಬರನ್ನೂ ಕಾಡಿ ಬೇಡಿ ತಿದ್ದಿಸೀನಿ. ಇವತ್ತು ನೋಡ್ರಿ, ಎಲ್ಲೂ ನಿಮ್ಮೂರಿಗೆ ಕಲೆ ಇಲ್ಲ. ಇಲ್ಲಿನ ನೀರಿನ ವರದಿ ನಿನ್ನಿ ಬಂತು. ನಮ್ಮೂರ ಹೆಸರಿಗೆ ನಾನ ಹಚ್ಚೀನಿ."

"ಮೊದಲ ಯಾಕ ಹಚ್ಚಲಿಲ್ಲ? ಎರಡು ಕಾರೇಹಟ್ಟಿ ಅದಾವು ಅಂತ ಗೊತ್ತಿತ್ತಲ್ಲ!"

ಅವನು ಕುಂಚ ಕೆಳಗಿಟ್ಟ.

"ಗೊತ್ತಿತ್ತು ಸುಮಾ... ನಮ್ಮವ್ವ ಹೊತ್ತು ತರೋ ನೀರು ಕೆಟ್ಟಿರತೈತಿ ಅಂತ ಮನಸಿಗೆ ಬರಲೇ ಇಲ್ಲ. ಕೆಟ್ಟದ್ದು ಬ್ಯಾರೆಯವರದ ಇರತೈತಿ ಅಂತ ಕಣ್ಣುಮುಚ್ಚಿ ನಿಮ್ಮೂರಿಗೆ ಹಾಕಿದೆ. ಅವ್ವಗ ವಾತ ಅಂತ ತಿಳಕೊಂಡು ಎಣ್ಣಿ ತಂದು ಕೊಟ್ಟೆ. ನಾನು ಎಣ್ಣಿ ತಿಕ್ಕಿದೆ, ಆಕಿ ಅದ ನೀರು ಕುಡುದಳು... ವರದಿ ನನ್ನ ಮೇಜಿನ ಮ್ಯಾಲೇ ಇತ್ತಲ್ಲ!"

ಕೆಂಪು ಕೈಗಳಲ್ಲೇ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತುಬಿಟ್ಟ.

ಬೈಯಲೆಂದು ಬಂದವಳ ಕಣ್ಣಿಂದಲೂ ನೀರು ಧಾರೆಯಾಗಿ ಇಳಿಯಿತು. ಅವಳು ಕಲ್ಲಿನ ಬಳಿ ಕೂತು, ಚೀಲದಿಂದ ಬಾಟಲಿ ತೆಗೆದು ನಾಗಲಿಂಗಮ್ಮನ ಬಾಯಿಗೆ ಹಿಡಿದಳು.

"ಯಾವೂರ ನೀರವ್ವ ಇದು?"

"ಕಾರೇಹಟ್ಟಿದ ಐತ್ರಿ ಅಮ್ಮ. ಕುಡೀರಿ."

ಅಷ್ಟರಲ್ಲಿ ಅವಳ ಮೊಬೈಲ್ ರಿಂಗಾಯಿತು. ಪುಷ್ಪಲತಾ! "ಅಕ್ಕಾ, ಕೊಟ್ಟೂರಿನವ್ರು ಮತ್ತೆ ಫೋನ್ ಮಾಡಿದ್ರು. ಈಗ ನಮ್ಮೂರ ನೀರು ಚೊಲೋ ಐತಂತ!"

"ನೀ ಏನಂದಿ?"

"ನೀರು ನೋಡಿ ಹೆಣ್ಣು ಬಿಟ್ಟೋರ ಮನಿಗೆ ನಾ ಕಾಲಿಡಂಗಿಲ್ಲ ಅಂದೆ. ಹಸಿವಾಗೈತಿ ಅಕ್ಕಾ, ರೊಟ್ಟಿ ಉಣ್ಣಾಕತ್ತೀನಿ!" ಎಷ್ಟೋ ದಿನಗಳ ಮೇಲೆ ತಂಗಿ ಬಾಯಿ ತುಂಬ ನಕ್ಕಳು.

ಸುಮಲತಾ ಕಣ್ಣೊರೆಸಿಕೊಂಡು ಹಂಪೇಶನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ್ದ.

"ನೀವು ಹೋಗ್ರಿ ಸುಮಾ. ಈ ಊರಿಗೆ ಇನ್ನ ಯಾರೂ ಹೆಣ್ಣು ಕೊಡಂಗಿಲ್ಲ. ನನಗೂ..."

"ಯಾರೂ ಕೊಡೋದು ಬ್ಯಾಡ. ನಾನ ಬರ್ತೀನಿ."

ಅವನು ಬೆಚ್ಚಿ ನೋಡಿದ. "ಇಲ್ಲಿ ಕುಡಿಯಾಕ ನೀರಿಲ್ಲ!"

"ಒಳ್ಳೇ ನೀರು ಬರೋತನಕ ತೆಲಿಗಿಯಿಂದ ಹೊತ್ತು ತರೋಣ. ಅಲ್ಲೀತನಕ ಜಗಳಾಡಾಕ ನನಗೂ ಒಬ್ಬರು ಬೇಕಲ್ಲ!"

ಅಳುತ್ತಲೇ ಅವನು ನಕ್ಕ. "ಹಂಗಾದ್ರ ಎರಡೂ ಕಾರೇಹಟ್ಟಿ ಒಂದ ಅಂತ ಮತ್ತೆ ಬರೀಲೇನು?"

"ಬ್ಯಾಡಪ್ಪಾ ಬ್ಯಾಡ! ಒಮ್ಮಿ ಬರದು ಪಟ್ಟ ಪಾಡು ಸಾಕು. ಎರಡೂ ಬ್ಯಾರೆ ಬ್ಯಾರೆನ ಇರಲಿ. ನಡುವ ಒಂದು ಹೊಸ ಕೊಂಡಿ ಹಾಕ್ರಿ."

"ಏನಂತ ಹಾಕಲಿ?"

ಸುಮಲತಾ ನಾಚಿ ಅವನ ಕೆಂಪು ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಬೀಗರು ಅಂತ."