ಬಾಚಲೆಯ ಮೊದಲ ತುತ್ತು

ಬಹಳ ಹಿಂದೆ, ಬೆಟ್ಟಗಳಿಗೆ ಮನುಷ್ಯರ ಮಾತು ತಿಳಿಯುತ್ತಿದ್ದ ಕಾಲದಲ್ಲಿ, ಕದಿರಗಿರಿ ಎಂಬ ರಾಜ್ಯವಿತ್ತು. ಅದಕ್ಕೆ ಮೂರು ಕಡೆ ಬೆಟ್ಟ, ಒಂದು ಕಡೆ ಹೊಳೆ. ಆ ರಾಜ್ಯದಲ್ಲಿ ಇಪ್ಪತ್ತು ತುಂಬಿದ ಯಾರೂ ಆ ವರ್ಷದ ಬೇಸಗೆಯನ್ನು ಮನೆಯಲ್ಲಿ ಕಳೆಯುವಂತಿರಲಿಲ್ಲ. ಯುಗಾದಿಯ ಮಾರನೆಯ ದಿನ ನಾಲ್ಕು ನಾಲ್ಕು ಜನ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತಬೇಕು. ಮೊದಲ ಮಳೆ ಬಿದ್ದಾಗ ಇಳಿದು ಬರಬೇಕು. ಯಾಕೆ ಎಂದು ಕೇಳಿದರೆ, "ನಮ್ಮ ನಾಡು ಎಷ್ಟು ದೊಡ್ಡದು ಅಂತ ಕಾಲಿಗೆ ಗೊತ್ತಾಗಲಿ" ಎನ್ನುತ್ತಿದ್ದರು ಹಿರಿಯರು.

ಬೆಟ್ಟದಲ್ಲಿ ಅರಸು, ಆಳು ಎಂಬ ಭೇದವಿರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ. ಊಟಕ್ಕೆ ಕುಳಿತಾಗ ಮೊದಲ ತುತ್ತನ್ನು ಯಾರೂ ತಾವೇ ತೆಗೆದುಕೊಂಡು ತಿನ್ನಬಾರದು. ಇನ್ನೊಬ್ಬರು ಕೈಗೆ ಇಡಬೇಕು. ಎರಡನೆಯ ತುತ್ತಿನಿಂದ ಅವರವರ ಕೈ, ಅವರವರ ಬಾಯಿ.

ಒಂದು ವರ್ಷ ಹೀಗೆ ಹೊರಟವರಲ್ಲಿ ರಾಜಕುಮಾರ ನನ್ನಿಗ, ಕುಂಬಾರರ ಕೇತ, ನೇಕಾರರ ಸೋವಲೆ ಮತ್ತು ಕಂಚು ಕರಗಿಸಿ ಗಂಟೆ ಎರೆಯುವವರ ಮಗಳು ಬಾಚಲೆ ಇದ್ದರು. ನಾಲ್ವರೂ ಚಿಕ್ಕಂದಿನಿಂದ ಒಂದೇ ಹೊಳೆಯಲ್ಲಿ ಈಜಿದವರು. ಬೆನ್ನಿಗೆ ಹುರಿಹಿಟ್ಟಿನ ಚೀಲ, ಕೈಯಲ್ಲಿ ಕೋಲು. ಕಾರೆಹಣ್ಣು ತಿಂದರು, ಗುಹೆಗಳಲ್ಲಿ ಕೂಗು ಹಾಕಿದರು, ಒಣಹುಲ್ಲಿನ ಇಳಿಜಾರಿನಲ್ಲಿ ಜಾರಿ ಬಟ್ಟೆ ಹರಿದುಕೊಂಡರು. ಬಾಚಲೆಗಂತೂ ಈ ಬೇಸಗೆ ಮುಗಿಯುವುದೇ ಬೇಡ ಎನ್ನಿಸಿತ್ತು.

ಹನ್ನೆರಡನೆಯ ದಿನ ಅವಳ ಕಾಲು ಉಳುಕಿತು. ಆ ದಿನವೇ ಬೆಟ್ಟದ ಆಚೆ ಒಂದು ಜಲಪಾತ ನೋಡುವುದೆಂದು ಮಾತಾಗಿತ್ತು.

"ಇವತ್ತು ಬೇಡ, ನಾಳೆ ಹೋಗೋಣ" ಎಂದ ಕೇತ.

"ಥೂ, ನನ್ನ ಕಾಲಿಗೋಸ್ಕರ ಮೂರು ಜನ ಕಲ್ಲಿನ ಹಾಗೆ ಕೂತ್ಕೋತೀರಾ? ನೀವು ಹೋಗಿ. ನಾನು ಇರ್ತೀನಿ" ಎಂದಳು ಬಾಚಲೆ.

ಸೋವಲೆ ಮುತ್ತುಗದ ಎಲೆಯಲ್ಲಿ ಎರಡು ಹುರಿಹಿಟ್ಟಿನ ಉಂಡೆ ಕಟ್ಟಿಟ್ಟಳು. "ಮೊದಲ ತುತ್ತು ಈಗಲೇ ಕೊಟ್ಟು ಹೋಗ್ತೀನಿ, ಕೈ ಚಾಚೇ" ಎಂದಳು.

"ಈಗ ಹಸಿವಿಲ್ಲ ಕಣೇ. ನೀವು ಬಂದ ಮೇಲೆ ಒಟ್ಟಿಗೆ ಉಂಡರಾಯಿತು. ಹೋಗಿ ಹೋಗಿ, ಬಿಸಿಲೇರುತ್ತೆ."

ನೋಡಿ, ತಪ್ಪು ಆದದ್ದು ಇಲ್ಲಿ. ಯಾರಿಗೂ ಹೊರೆಯಾಗಬಾರದು ಎಂದುಕೊಳ್ಳುವವರೇ ಇಂಥ ತಪ್ಪು ಮಾಡುವುದು. ಆ ಮೂವರು ದಾರಿ ತಪ್ಪಿ ಸುತ್ತಾಡಿದರು. ಸೂರ್ಯ ನೆತ್ತಿ ದಾಟಿದ, ಪಡುವಣಕ್ಕೆ ವಾಲಿದ. ಬಾಚಲೆಗೆ ಹೊಟ್ಟೆ ಚುರುಗುಟ್ಟತೊಡಗಿತು. ಒಂದು ತುತ್ತಿಗೆ ಏನಾದೀತು ಎಂದುಕೊಂಡು ಎಲೆ ಬಿಚ್ಚಿ, ತನ್ನ ಕೈಯಿಂದಲೇ ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು. ಅದು ಮಣ್ಣಿನ ಹಾಗಿತ್ತು.

ಸ್ವಲ್ಪ ಹೊತ್ತಿಗೆ ಮೂವರೂ ನಗುತ್ತಾ ಬಂದರು. ಬಾಚಲೆ ಕೈ ಬೀಸಿದಳು. ಅವರು ಅವಳ ಪಕ್ಕದಲ್ಲೇ ಹಾದು, ಗಂಟುಮೂಟೆ ಎತ್ತಿಕೊಂಡು, ನಡೆದೇಬಿಟ್ಟರು.

"ಏ ಕೇತ! ಸೋವಲೆ! ತಮಾಷೆ ಸಾಕು!" ಎಂದು ಕೂಗಿದಳು. ಯಾರೂ ತಿರುಗಲಿಲ್ಲ.

"ಅವರಿಗೆ ಕೇಳಿಸೋದಿಲ್ಲ ಮಗಳೇ" ಎಂದಿತು ಹಿಂದಿನಿಂದ ಒಂದು ಧ್ವನಿ.

ಬಂಡೆಯ ಮೇಲೆ ಒಬ್ಬ ಉದ್ದನೆಯ ಮುದುಕ ಕುಳಿತಿದ್ದ. ಅವನೇ ಒಬ್ಬಂಟಿರಾಯ ಎಂಬ ಮಂತ್ರವಾದಿ. ಅವನ ಸುತ್ತ ನಲವತ್ತು ಮೃಗಗಳಿದ್ದವು: ಕರಡಿ, ಕಡವೆ, ಕಾಡುಕುರಿ, ಮುಳ್ಳುಹಂದಿ. ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿತ್ತು. ಒಂದು ಇನ್ನೊಂದರ ಕಡೆ ನೋಡುತ್ತಿರಲಿಲ್ಲ.

"ಬೆಟ್ಟದ ಮೇಲೆ ಒಬ್ಬರೇ ಉಂಡವರು ನನ್ನವರು" ಎಂದ ಅವನು. "ಇವರೆಲ್ಲ ನಿನ್ನ ಹಾಗೆ ಬಂದವರೇ. ಊರಿನಲ್ಲಿ ಇವರನ್ನು ಮರೆತರು. ಒಬ್ಬರನ್ನು ಮರೆತರೆ ನನಗೆ ಹತ್ತು ವರ್ಷದ ಆಯಸ್ಸು. ನಿನ್ನನ್ನೂ ಮರೆತಾಯಿತು."

"ಸುಳ್ಳು" ಎಂದಳು ಬಾಚಲೆ.

"ನೋಡು ಬೇಕಾದರೆ. ನಾನು ಕೆಟ್ಟವನಲ್ಲ, ಮೂರು ಬೆಟ್ಟದಲ್ಲಿ ಮೂರು ಊಟದ ಅವಕಾಶ ಕೊಡ್ತೀನಿ. ಆ ಮೂವರಲ್ಲಿ ಯಾರಾದರೂ ನಿನ್ನ ಕೈಗೆ ಒಂದು ತುತ್ತು ಇಟ್ಟರೆ ನೀನು ಮನೆಗೆ ಹೋಗಬಹುದು. ಬೇರೆ ಯಾರು ಇಟ್ಟರೂ ಆಗದು. ಇಡದೇ ಮೊದಲ ಮಳೆ ಬಿದ್ದರೆ ನೀನು ನನ್ನ ಕಡವೆ."

ಬಾಚಲೆ ಕಾಲು ನೋಡಿಕೊಂಡಳು. ಉಳುಕು ಹೋಗಿತ್ತು. ಪಾದ ಇದ್ದ ಕಡೆ ಗೊರಸು ಇತ್ತು. ಅವಳು ಗೆಳೆಯರ ಹಿಂದೆ ಓಡಿದಳು.

ಮೊದಲನೆಯದು ಮೊಣಕಾಲುಗುಡ್ಡ. ನೇರಳೆಮರದ ಕೆಳಗೆ ಊಟಕ್ಕೆ ಕುಳಿತರು. ಬಾಚಲೆ ತನ್ನ ಜಾಗದಲ್ಲಿ, ಸೋವಲೆಯ ಎಡಕ್ಕೆ ಕುಳಿತಳು. ಕೇತ ಹಿಟ್ಟು ಕಲಸಿ ಉಂಡೆ ಮಾಡಿದ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯದನ್ನು ಕೈಯಲ್ಲಿ ಹಿಡಿದು ಎಡಬಲ ನೋಡಿದ. ಬಾಚಲೆ ಕೈ ಚಾಚಿದಳು.

"ನಾಲ್ಕು ಯಾಕೆ ಮಾಡಿದೆ ನಾನು?" ಎಂದ ಕೇತ.

"ನನ್ನ ಹೊಟ್ಟೆ ನೋಡಿ ಮಾಡಿರ್ತೀಯ, ಕೊಡಿಲ್ಲಿ" ಎಂದು ನನ್ನಿಗ ಅದನ್ನು ಕಿತ್ತುಕೊಂಡು ತಿಂದ. ಎಲ್ಲರೂ ನಕ್ಕರು. ಮಾರನೆಯ ದಿನದಿಂದ ಕೇತ ಮೂರೇ ಉಂಡೆ ಮಾಡಿದ.

ಬೇಸಗೆ ಹಾಗೇ ನಡೆಯಿತು. ಅವರು ಹೊಸ ಕಣಿವೆ ಕಂಡರು, ಅದಕ್ಕೆ ಹೆಸರಿಟ್ಟರು. ನನ್ನಿಗ ಹಾಡಿದರೆ ಸೋವಲೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಬಾಚಲೆ ಜೊತೆಯಲ್ಲೇ ನಡೆದಳು. ಕೇತನ ತಮಾಷೆಗೆ ಅವಳೂ ನಕ್ಕಳು. ಮಾತಿನ ನಡುವೆ ತನ್ನ ಮಾತು ಸೇರಿಸಿದಳು, ಅದು ಯಾರಿಗೂ ಕೇಳದೆ ಅವರು ಮುಂದಿನ ಮಾತಿಗೆ ಹೋಗುತ್ತಿದ್ದರು. ಕಾಡಿನಲ್ಲಿ ಒಬ್ಬಳೇ ಕಳೆದುಹೋಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಎದುರಿಗೇ ಇದ್ದು ಇಲ್ಲದಂತಾಗುವುದು ಬೇರೆ. ಅವಳಿಗೆ ಹೆಚ್ಚು ನೋವಾದದ್ದು ಇನ್ನೊಂದಕ್ಕೆ: ಅವಳಿಲ್ಲದೆಯೂ ಅವರು ಚೆನ್ನಾಗಿಯೇ ಇದ್ದರು.

ಅವಳಿಗೆ ಏನು ತಿಂದರೂ ಮಣ್ಣು. ಹಸಿವು ಹೋಗುತ್ತಿರಲಿಲ್ಲ. ಗೊರಸಿನಿಂದ ಮೊಣಕಾಲಿನವರೆಗೂ ಕಂದು ಕೂದಲು ಬೆಳೆಯಿತು. ಮಂತ್ರವಾದಿಯ ಮೃಗಗಳಲ್ಲಿ ಒಂದು ಕರಡಿ ಮಾತ್ರ ಅವರನ್ನು ದೂರದಿಂದ ಹಿಂಬಾಲಿಸುತ್ತಿತ್ತು. ಬಾಚಲೆ ಕಲ್ಲು ಬೀಸಿ ಓಡಿಸಿದಳು. ಮತ್ತೆ ಬಂತು.

ಎರಡನೆಯದು ಗಾಳಿಕಿಂಡಿ. ಅಂದು ಬಾಚಲೆ ತಾನೇ ನಾಲ್ಕನೆಯ ಎಲೆ ಹಾಸಿದಳು. ಗಾಳಿಗೆ ಹಾರದಂತೆ ಅದರ ಮೇಲೆ ಕಲ್ಲಿಟ್ಟಳು. ಎಲ್ಲರ ಸೋರೆಬುರುಡೆಗೂ ನೀರು ತುಂಬಿದಳು. ತಾನು ಮಾಡುತ್ತಿದ್ದ ಕೆಲಸವನ್ನೆಲ್ಲ ಮಾಡಿಟ್ಟರೆ ನೆನಪಾದೀತು ಎಂದು ಅವಳ ಆಸೆ.

"ಬುರುಡೆಗೆ ನೀರು ನೀನು ತುಂಬಿದೆಯಾ?" ಎಂದ ನನ್ನಿಗ.

"ನೀನಲ್ವಾ?" ಎಂದ ಕೇತ.

ಸೋವಲೆ ನಾಲ್ಕನೆಯ ಎಲೆ ನೋಡಿದಳು. ಇದ್ದಕ್ಕಿದ್ದಂತೆ ಅವಳ ಕಣ್ಣು ತುಂಬಿ ಬಂತು.

"ಏನಾಯಿತೇ?" ಎಂದ ಕೇತ.

"ಗೊತ್ತಿಲ್ಲ ಕಣೋ. ಏನೋ ಬಿಟ್ಟು ಬಂದ ಹಾಗೆ ಅನ್ನಿಸ್ತಿದೆ."

ಅವಳು ಒಂದು ತುತ್ತು ಕೈಗೆ ತೆಗೆದುಕೊಂಡು ಎಡಕ್ಕೆ ತಿರುಗಿದಳು. ಬಾಚಲೆಯ ಅಂಗೈ ಅಲ್ಲೇ ಇತ್ತು. ಗೇಣುದ್ದವೂ ದೂರವಿರಲಿಲ್ಲ.

"ಸೋವೀ, ನಾನು ಇಲ್ಲಿದ್ದೀನಿ" ಎಂದಳು ಬಾಚಲೆ.

ಬಂಡೆಯ ಮೇಲೆ ಒಂದು ಕಾಗೆ ಕೂಗಿತು. "ಪಾಪ, ಅದಕ್ಕೆ ಹಸಿವು" ಎಂದು ಸೋವಲೆ ಆ ತುತ್ತನ್ನು ಕಾಗೆಗೆ ಹಾಕಿದಳು. ಕಣ್ಣೊರೆಸಿಕೊಂಡು ಊಟ ಮಾಡಿದಳು. ಬಾಚಲೆ ಆ ದಿನವೆಲ್ಲ ಅತ್ತಳು. ಅತ್ತದ್ದು ಗಾಳಿಗೆ ಮಾತ್ರ ಗೊತ್ತಾಯಿತು.

ಮೂರನೆಯದು ಮುಗಿಲುಮೆಟ್ಟು, ಎಲ್ಲಕ್ಕಿಂತ ಎತ್ತರದ ಬೆಟ್ಟ. ಅವರು ಹತ್ತಿ ಮುಗಿಸುವ ಹೊತ್ತಿಗೆ ಪಡುವಣದಲ್ಲಿ ಕಪ್ಪು ಮೋಡ ಎದ್ದಿತ್ತು. ಬಾಚಲೆಯ ಹಣೆಯ ಮೇಲೆ ಎರಡು ಕೊಂಬಿನ ಮೊಳಕೆ ಬಂದಿತ್ತು. ಬೆರಳುಗಳು ಸೆಟೆಯುತ್ತಿದ್ದವು. ಒಬ್ಬಂಟಿರಾಯ ತನ್ನ ಹಿಂಡಿನೊಂದಿಗೆ ಬಂದು ನಿಂತು ಮೋಡ ನೋಡಿ ತಲೆದೂಗಿದ.

"ಬೇಗ ತಿಂದು ಇಳಿಯೋಣ, ಮಳೆ ಬರುತ್ತೆ" ಎಂದ ನನ್ನಿಗ. ಮೂರು ಎಲೆ ಹಾಕಿದರು. ಮೂರು ಉಂಡೆ ಬಿತ್ತು. ಮೂವರೂ ಒಬ್ಬರಿಗೊಬ್ಬರು ಮೊದಲ ತುತ್ತು ಇಟ್ಟರು.

ಬಾಚಲೆ ಈ ಸಲ ಹೋಗಿ ಕೂರಲಿಲ್ಲ. ಅವರ ಮುಂದೆ ಕೈ ಚಾಚಿ ಚಾಚಿ ಅವಳಿಗೆ ಸಾಕಾಗಿತ್ತು. ಸಿಟ್ಟೂ ಬಂದಿತ್ತು. ಬೆನ್ನು ತಿರುಗಿಸಿ ಒಂದು ಬಂಡೆಯ ಹಿಂದೆ ಹೋದಳು. ಅಲ್ಲಿ ಆ ಕರಡಿ ಕುಳಿತಿತ್ತು.

ಕರಡಿ ಊಟ ಮಾಡುವ ಮೂವರನ್ನು ನೋಡುತ್ತಿತ್ತು. ಹಸಿದ ಮೃಗ ನೋಡುವ ಹಾಗೆ ಅಲ್ಲ. ಅದರ ಕಣ್ಣು ಹಿಟ್ಟಿನ ಮೇಲೆ ಇರಲೇ ಇಲ್ಲ, ಸೋವಲೆಯ ಎಡಕ್ಕೆ ಖಾಲಿ ಉಳಿದ ಜಾಗದ ಮೇಲೆ ಇತ್ತು. ಬಾಚಲೆ ಬೇಸಗೆಯೆಲ್ಲ ನೋಡುತ್ತಿದ್ದದ್ದೂ ಅದೇ ಜಾಗವನ್ನು.

"ನಿನ್ನನ್ನೂ ಬಿಟ್ಟು ಹೋದರಾ?" ಎಂದಳು. ಕರಡಿ ತಲೆ ತಗ್ಗಿಸಿತು.

"ನಾನು ಕಲ್ಲು ಹೊಡೆದೆನಲ್ಲಪ್ಪ ನಿನಗೆ" ಎಂದಳು. ಅವಳಿಗೆ ನಾಚಿಕೆಯಾಯಿತು.

ಸೊಂಟದ ಚೀಲದಲ್ಲಿ ಅಂದು ಸೋವಲೆ ಕಟ್ಟಿಕೊಟ್ಟ ಎರಡನೆಯ ಉಂಡೆ ಹಾಗೇ ಉಳಿದಿತ್ತು. ಸೆಟೆದ ಬೆರಳುಗಳಿಂದ ಹೇಗೋ ಮುರಿದು ಒಂದು ತುತ್ತು ಮಾಡಿದಳು. ಮಾಯ ಮಂತ್ರದ ಯೋಚನೆಯೇನೂ ಅವಳ ತಲೆಯಲ್ಲಿ ಇರಲಿಲ್ಲ. ಯಾರಾದರೊಬ್ಬರ ಜೊತೆ ಕುಳಿತು ಉಣ್ಣಬೇಕಾಗಿತ್ತು, ಅಷ್ಟೇ. ತುತ್ತನ್ನು ಕರಡಿಯ ಪಂಜದ ಮೇಲೆ ಇಟ್ಟಳು.

ಪಂಜ ಅಂಗೈ ಆಯಿತು. ಕರಡಿ ಮನುಷ್ಯನಾಯಿತು. ಇಪ್ಪತ್ತು ವರ್ಷದ ಒಬ್ಬ ಹುಡುಗ ಕಣ್ಣು ಬಿಟ್ಟುಕೊಂಡು ತನ್ನ ಕೈ ನೋಡಿಕೊಂಡ.

"ಬೇಡ! ಜೊತೆಗೆ ಬೆಟ್ಟ ಹತ್ತಿದವರೇ ಇಡಬೇಕು!" ಎಂದು ಒಬ್ಬಂಟಿರಾಯ ಅಬ್ಬರಿಸಿದ.

"ಹಾಗಂತ ಯಾರು ಹೇಳಿದ್ದು?" ಎಂದ ಹುಡುಗ. "ಇನ್ನೊಬ್ಬರು ಇಡಬೇಕು ಅಂತ ಕಟ್ಟಳೆ. ಯಾವ ಇನ್ನೊಬ್ಬರು ಅಂತ ನಮ್ಮ ಊರಲ್ಲಿ ಯಾರೂ ಹೇಳಿಲ್ಲ. ಎಪ್ಪತ್ತು ವರ್ಷ ನೀನು ಹೇಳಿದ್ದನ್ನು ನಂಬಿ, ಒಬ್ಬರ ಮುಖ ಒಬ್ಬರು ನೋಡದೆ ಕೂತೆವಲ್ಲೋ ನಾವು!" ಅವನು ಉಂಡೆ ಮುರಿದು ಬಾಚಲೆಯ ಕೈಗೆ ಒಂದು ತುತ್ತು ಇಟ್ಟ. ಅದು ಹುರಿದ ರಾಗಿಯ, ಬೆಲ್ಲದ, ಏಲಕ್ಕಿಯ ರುಚಿ.

ಅವಳ ಗೊರಸು ಪಾದವಾಯಿತು. ಕೊಂಬಿನ ಮೊಳಕೆ ಉದುರಿತು. ಇಬ್ಬರೂ ಓಡಿ ಹೋಗಿ ಕಡವೆಗೆ ಒಂದು ಚಿಟಿಕೆ, ಕಾಡುಕುರಿಗೆ ಒಂದು ಚಿಟಿಕೆ ಇಟ್ಟರು. ಎದ್ದು ನಿಂತವರು ಪಕ್ಕದವರಿಗೆ ಇಟ್ಟರು. ನಲವತ್ತು ಮಂದಿಗೆ ಅರ್ಧ ಉಂಡೆ ಸಾಕಾಯಿತು.

ಬಾಚಲೆ ಕೊನೆಯ ಚೂರನ್ನು ಒಬ್ಬಂಟಿರಾಯನ ಕಡೆ ಹಿಡಿದಳು. "ತಗೋ ತಾತ" ಎಂದಳು.

"ನನಗೆ ಯಾರ ತುತ್ತೂ ಬೇಡ" ಎಂದು ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮೊದಲ ಹನಿ ಬಿತ್ತು. ಕದ್ದ ಆಯಸ್ಸೆಲ್ಲ ಇಳಿದುಹೋಗಿ ಅವನು ಉಪ್ಪಿನ ಹರಳಿನಂತೆ ಕರಗಿಹೋದ. ಎಂಥ ಮೊಂಡು ಮುದುಕ ನೋಡಿ, ಕೈ ಚಾಚಿದ್ದರೆ ಬದುಕುತ್ತಿದ್ದ.

"ಬಾಚಲೆ! ಎಲ್ಲಿ ಹಿಂದೆ ಉಳಿದೆಯೇ?" ಎಂದು ನನ್ನಿಗ ಕೂಗಿದ, ಈಗಷ್ಟೇ ಜೊತೆಯಲ್ಲಿದ್ದವಳನ್ನು ಕರೆದ ಹಾಗೆ. ಆಮೇಲೆ ಸೋವಲೆ ಕೆಳಗೆ ನೋಡಿದಳು.

"ಮೂರೇ ಎಲೆ ಹಾಕಿದ್ದೀವಿ" ಎಂದಳು. "ಕೇತ, ಮೂರೇ ಎಲೆ ಯಾಕೆ ಹಾಕಿದ್ದೀವಿ?"

ಒಂದೊಂದಾಗಿ ಮೂವರಿಗೂ ನೆನಪಾಯಿತು. ಕೇತ ಮಳೆಯಲ್ಲೇ ಕುಳಿತುಬಿಟ್ಟ. ಬಾಚಲೆ ಅವನ ಪಕ್ಕದಲ್ಲಿ ಕುಳಿತು, "ಹೋಗಿ ಅಂತ ಹೇಳಿದ್ದು ನಾನೇ ಕಣೋ. ಇರಿ ಅನ್ನಬೇಕಿತ್ತು. ಇರಿ ಅಂತ ಮನಸ್ಸಿನಲ್ಲಿತ್ತು" ಎಂದಳು.

ಎಲ್ಲರೂ ಕದಿರಗಿರಿಗೆ ಇಳಿದರು. ಕಳೆದುಹೋದವರು ಅವರವರ ಮನೆ ಸೇರಿದರು, ಮನೆ ಇಲ್ಲದವರಿಗೆ ಅರಸ ಮನೆ ಕಟ್ಟಿಸಿಕೊಟ್ಟ, ಅಂದಿನಿಂದ ಆ ನಾಡಿನವರೆಲ್ಲ ಸುಖವಾಗಿದ್ದರು. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಇಳಿದ ದಿನದ ಒಂದು ಸಂಗತಿ ಹೇಳದೆ ನನಗೆ ಸಮಾಧಾನವಿಲ್ಲ.

ಕರಡಿಯಾಗಿದ್ದ ಹುಡುಗನ ಹೆಸರು ಬೀರ. ಅವನ ಜೊತೆ ಬೆಟ್ಟ ಹತ್ತಿದ್ದ ಮೂವರಲ್ಲಿ ಇಬ್ಬರು ಎಂದೋ ಸತ್ತಿದ್ದರು. ಚಾಮಲೆ ಎಂಬವಳೊಬ್ಬಳು ಉಳಿದಿದ್ದಳು, ಅವಳಿಗೆ ತೊಂಬತ್ತು. ಅವಳ ಮನೆಗೆ ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲದೆ ಬಾಚಲೆ ಜೊತೆಗೆ ಹೋದಳು. ಗೆಳೆಯರು ಬೀದಿಯ ತಿರುವಿನಲ್ಲಿ ನಿಂತರು.

ಅಜ್ಜಿ ಜಗಲಿಯಲ್ಲಿ ಕುಳಿತಿದ್ದಳು. ಇಪ್ಪತ್ತು ವರ್ಷದ ಬೀರನನ್ನು ಬಹಳ ಹೊತ್ತು ನೋಡಿದಳು.

"ಊಟಕ್ಕೆ ಇಷ್ಟು ತಡ ಮಾಡಿದೆಯಲ್ಲೋ ಬೀರ" ಎಂದಳು.

ಬೀರ ಅವಳ ಮೊಣಕಾಲಿಗೆ ಹಣೆ ಹಚ್ಚಿದ. ಬಾಚಲೆ ಹಿಂದೆ ಸರಿದು ಅಂಗಳದಲ್ಲಿ ನಿಂತಳು.

"ಬಾಚಲೆ, ಬಾರೇ, ಮಳೆ ಜೋರಾಯಿತು" ಎಂದು ತಿರುವಿನಿಂದ ಸೋವಲೆ ಕರೆದಳು.

"ಏ ಬಾಚಲೆ!" ಎಂದ ಕೇತ.

ಅವಳಿಗೆ ಕೇಳಿಸಿತ್ತು. ಇನ್ನೊಂದು ಸಲ ಕರೆಯಲಿ ಎಂದು ಮಳೆಯಲ್ಲಿ ಸುಮ್ಮನೆ ನಿಂತಳು.