ಹಳೆಯ ವೈರಸ್ ಕರಗಿದ ಬೆಳಿಗ್ಗೆ

ಫ್ರೀಜರಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು.

ಮೊದಲು ನೋಡಿದವಳು ಸಂಶೋಧನಾ ವಿದ್ಯಾರ್ಥಿನಿ. ಬಾಗಿಲು ತೆಗೆದಳು. ಮುಂದಿದ್ದ ರಟ್ಟಿನ ಪೆಟ್ಟಿಗೆ ಎತ್ತಿದಳು. ಅದರ ಟ್ಯೂಬುಗಳಲ್ಲಿದ್ದ ಹಳೆಯ ವೈರಸ್ ಕಲ್ಲಿನಂತೆ ಹೆಪ್ಪುಗಟ್ಟಿರಬೇಕಿತ್ತು. ನೀರಾಗಿ ಕುಲುಕಾಡಿತು. ಅವಳು ಕೂಗಿಕೊಂಡ ರಭಸಕ್ಕೆ ಇಡೀ ಮಹಡಿ ಓಡಿಬಂತು.

ಲೋಟದ ಕಾಫಿ ಆರುವುದರೊಳಗೆ ತಪ್ಪನ್ನು ಅವಳ ತಲೆಗೇ ಕಟ್ಟಿದ್ದಾಯಿತು. ಹಿಂದಿನ ಸಂಜೆ ಕೊನೆಗೆ ಹೋದವಳು ಅವಳು ತಾನೇ? ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಪೊಲೀಸರಿಗೆ ಫೋನ್ ಮಾಡಿದರು. ಸಂಜೆ ಶಿಸ್ತು ಸಮಿತಿ ಕೂಡುತ್ತದೆ. ಹುಡುಗಿಯನ್ನು ಹೊರಗೆ ಹಾಕುತ್ತದೆ. ವರ್ಷಗಟ್ಟಲೆ ಮಾಡಿದ ಕೆಲಸ ಮಣ್ಣುಪಾಲು.

*

ಇನ್‌ಸ್ಪೆಕ್ಟರಮ್ಮ ಬಂದವರೇ ಮೊದಲು ಕೇಳಿದ್ದು ಒಂದು ಕುರ್ಚಿ. ಹಿಂದಿನ ದಿನವಿಡೀ ಬಂದೋಬಸ್ತಿನಲ್ಲಿ ನಿಂತು ಕಾಲು ಬಿದ್ದುಹೋಗಿತ್ತು. ಕೊಲೆ, ದರೋಡೆ ಸಾಲದು ಅಂತ ಈಗ ಫ್ರೀಜರ್ ಬೇರೆ.

"ವೈರಸ್ ಅಂದ್ರೆ ರೋಗದ್ದೇನಮ್ಮಾ?"

"ಅಲ್ಲ ಮೇಡಂ. ರೋಗ ತರೋ ಭಾಗ ತೆಗೆದಿರ್ತೀವಿ," ಎಂದಳು ಹುಡುಗಿ. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಅದು ಬರೀ ಕೊರಿಯರ್ ಥರ. ಜೀವಕೋಶದೊಳಗೆ ಹೋಗಿ ನಾವು ಕೊಟ್ಟ ಚೀಟಿ ತಲುಪಿಸುತ್ತೆ. 'ಒಡೆದು ಎರಡಾಗು' ಅಂತ ಕೋಶಕ್ಕೆ ಹೇಳೋ ಒಂದು ಜೀನ್ ಇದೆ. ಆ ಚೀಟಿ ಅದರ ಬಾಯಿ ಮುಚ್ಚಿಸುತ್ತೆ."

"ಮುಚ್ಚಿಸಿದ್ರೆ?"

"ಕ್ಯಾನ್ಸರ್ ಗಡ್ಡೆಯ ಕೋಶ ಬೆಳೆಯೋದು ನಿಲ್ಲುತ್ತೆ. ಅಕ್ಕ ಕಂಡುಹಿಡಿದಿದ್ದು. ಈ ಲ್ಯಾಬಿಗೆ ಹೆಸರು ಬಂದಿದ್ದೇ ಅದರಿಂದ."

ಅಕ್ಕ ಎಂದರೆ ಅಲ್ಲಿನ ಹಿರಿಯ ವಿಜ್ಞಾನಿ. ತಲೆ ಅರ್ಧ ನರೆತ ಹೆಂಗಸು. ಕಿರಿಯರಿಗೆಲ್ಲ ಕೈಹಿಡಿದು ಕೆಲಸ ಕಲಿಸಿದವಳು. ಹುಡುಗಿಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅದೇ ವೈರಸ್ಸನ್ನ ನಾನು ಹೊಸದಾಗಿ ಮಾಡ್ದೆ," ಹುಡುಗಿ ಮುಂದುವರಿಸಿದಳು. "ಜೀನ್ ಸುಮ್ಮನಾಯ್ತು. ಕೋಶ ಮಾತ್ರ ಆರಾಮಾಗಿ ಬೆಳೀತಾನೇ ಇತ್ತು. ಹಳೇ ಟ್ಯೂಬಲ್ಲಿ ನಿಜವಾಗ್ಲೂ ಯಾವ ಚೀಟಿ ಇದೆ ಅಂತ ಓದಿಸೋಣ ಅಂತ ಮೊನ್ನೆ ಮೀಟಿಂಗಲ್ಲಿ ಕೇಳ್ದೆ."

"ಓದಿಸಿದ್ರೆ ಇವಳ ಕೈಯೇ ಸರಿಯಿಲ್ಲ ಅಂತ ಬಯಲಾಗ್ತಿತ್ತು," ದೊಡ್ಡ ಮೇಡಂ ಸಿಡುಕಿದರು. "ಅದಕ್ಕೇ ಪ್ಲಗ್ ಕಿತ್ತಿದ್ದಾಳೆ."

"ಪಾಪ, ಸಣ್ಣ ಹುಡುಗಿ. ಬಿಟ್ಟುಬಿಡಿ ಮೇಡಂ," ಎಂದಳು ಅಕ್ಕ.

*

ಪಕ್ಕದ ಲ್ಯಾಬಿನಲ್ಲೊಬ್ಬ ಗಡ್ಡದವನಿದ್ದ. ಫ್ರೀಜರಿನ ಜಾಗಕ್ಕಾಗಿ ಇವರೊಂದಿಗೆ ಸದಾ ಹಾವು ಮುಂಗುಸಿ.

"ಪ್ಲಗ್ ಕಿತ್ತುಹಾಕ್ತೀನಿ ಅಂದಿದ್ರಂತೆ?" ಇನ್‌ಸ್ಪೆಕ್ಟರಮ್ಮ ಅವನನ್ನು ಕೇಳಿದರು.

"ಅಂದಿದ್ದೆ. ಕೋಪದಲ್ಲಿ ಏನೇನೋ ಅಂತೀವಿ. ನನ್ನ ಪೆಟ್ಟಿಗೆಗಳೂ ಅದರೊಳಗೇ ಇವೆ ಕಣ್ರೀ. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಳ್ಳಲಾ?"

"ನಿಮ್ಮವೂ ಕರಗಿದ್ವಾ?"

"ಇಲ್ಲ, ಪುಣ್ಯಕ್ಕೆ. ಕಲ್ಲಿದ್ದ ಹಾಗಿವೆ."

ಇನ್‌ಸ್ಪೆಕ್ಟರಮ್ಮ ತಲೆ ಎತ್ತಿದರು. "ಒಂದು ತಂದು ಮೇಜಿನ ಮೇಲಿಡಿ."

ಗಡ್ಡದವನ ರಟ್ಟಿನ ಪೆಟ್ಟಿಗೆ ಹೊರಬಂದ ಕೂಡಲೇ ಬೆಳ್ಳಗಾಯಿತು. ಆಮೇಲೆ ಬೆವರಿತು. ಮುಟ್ಟಿದರೆ ಒದ್ದೆಮುದ್ದೆ. ಪಕ್ಕದಲ್ಲೇ ಹಳೆಯ ವೈರಸ್ಸಿನ ಪೆಟ್ಟಿಗೆ. ಅದೂ ಯಾವಾಗಲೋ ಒದ್ದೆಯಾಗಿ ಮೂಲೆಗಳು ಮುರುಟಿದ್ದವು. ಆದರೆ ಈಗ ಗರಿಗರಿಯಾಗಿ ಒಣಗಿತ್ತು. ಬೆಳಿಗ್ಗೆ ಅಷ್ಟೇ ಫ್ರೀಜರಿನಿಂದ ತೆಗೆದದ್ದು ಇಷ್ಟು ಬೇಗ ಹೀಗೆ ಒಣಗುತ್ತದೆಯೇ?

ಇನ್‌ಸ್ಪೆಕ್ಟರಮ್ಮ ಎಲ್ಲರನ್ನೂ ಆಚೆ ಕಳಿಸಿದರು. ಗ್ಲೌಸ್ ಹಾಕಿಕೊಂಡು ಒಂದು ಟ್ಯೂಬಿನ ಮುಚ್ಚಳ ಸಡಿಲಿಸಿದರು. ವಾಸನೆ ಮೂಗಿಗೆ ಬಡಿಯಿತು. ಮುಚ್ಚಳ ಮುಚ್ಚಿ, ಯಾರಿಗೂ ಏನೂ ಹೇಳದೆ, ಕಾಲು ನೀಡಿ ಕುಳಿತರು.

*

ಸಂಜೆ ಸಮಿತಿಗೂ ಮುಂಚೆ ಎಲ್ಲರೂ ಮೇಜಿನ ಸುತ್ತ ನಿಂತರು. ಇನ್‌ಸ್ಪೆಕ್ಟರಮ್ಮ ಬರಿಗೈಯಲ್ಲಿ ಟ್ಯೂಬೊಂದನ್ನು ಎತ್ತಿ ಮುಖದ ಹತ್ತಿರ ಹಿಡಿದು ಮುಚ್ಚಳಕ್ಕೆ ಕೈಯಿಟ್ಟರು.

"ಮೇಡಂ, ಗ್ಲೌಸ್! ವೈರಸ್ ಅದು!" ಹುಡುಗಿ ಕೂಗಿದಳು.

"ಅಷ್ಟು ಹತ್ತಿರ ಬೇಡ, ಕಣ್ಣು ಉರಿಯುತ್ತೆ!" ಅಕ್ಕ ಮುಂದೆ ಬಂದು ಕೈ ಹಿಡಿದಳು.

ಇನ್‌ಸ್ಪೆಕ್ಟರಮ್ಮ ಟ್ಯೂಬನ್ನು ಮೆಲ್ಲಗೆ ಕೆಳಗಿಟ್ಟರು. "ವೈರಸ್ಸಿಗೆ ಕಣ್ಣು ಉರಿಯುತ್ತೇನಮ್ಮಾ?"

"ಇಲ್ಲ," ಎಂದಳು ಹುಡುಗಿ, ಏನೂ ತಿಳಿಯದೆ.

"ಬ್ಲೀಚಿಗೆ ಉರಿಯುತ್ತೆ. ಇದರೊಳಗೆ ಬ್ಲೀಚಿದೆ ಅನ್ನೋದು ನನಗೆ ಬಿಟ್ರೆ ಹಾಕಿದವರಿಗೆ ಮಾತ್ರ ಗೊತ್ತು."

ಅಕ್ಕ ಹಿಡಿದಿದ್ದ ಕೈ ಬಿಟ್ಟಳು.

"ಪ್ಲಗ್ ಬರೀ ನಾಟಕ," ಇನ್‌ಸ್ಪೆಕ್ಟರಮ್ಮ ಆಕಳಿಕೆ ತಡೆದುಕೊಂಡು ಹೇಳಿದರು. "ಫ್ರೀಜರ್ ಕರಗಿದ್ರೆ ಎಲ್ಲಾ ಕರಗ್ಬೇಕಿತ್ತು. ಈ ಪೆಟ್ಟಿಗೆ ನಿನ್ನೆ ಸಂಜೆಯೇ ಆಚೆ ಹೋಗಿದೆ. ಬೆವರಿ, ಒಣಗಿ, ಬೆಳಿಗ್ಗೆ ಈ ಹುಡುಗಿ ಬರೋ ಸ್ವಲ್ಪ ಮುಂಚೆ ವಾಪಸ್ ಬಂದಿದೆ, ಪ್ಲಗ್ ಕಿತ್ತಿದ್ದೂ ಆಗ್ಲೇ. ಇಷ್ಟು ಯಂತ್ರ ಗುಂಯ್‌ಗುಡೋ ಕಡೆ ಒಂದು ಫ್ರೀಜರ್ ನಿಂತಿದ್ದು ಯಾರಿಗೆ ಕೇಳ್ಸುತ್ತೆ? ಇನ್ನು ಬ್ಲೀಚ್. ನಮ್ಮ ಫೊರೆನ್ಸಿಕ್‌ನವರನ್ನ ಫೋನಲ್ಲಿ ಕೇಳ್ದೆ. ಬರೀ ಕರಗಿಸಿದ್ರೆ ವೈರಸ್ ಸಾಯುತ್ತೆ, ಚೀಟಿ ಮಾತ್ರ ಓದೋಕೆ ಸಿಗಬಹುದು. ಬ್ಲೀಚ್ ಹಾಕಿದ್ರೆ ಅದೂ ಇಲ್ಲ. ಓದಿಸಿ ಅಂತ ಕೇಳಿದವಳು ಅದನ್ಯಾಕೆ ಅಳಿಸ್ತಾಳೆ? ಬರೆದವರಿಗೇ ಭಯ."

ಅಕ್ಕ ಕುರ್ಚಿಗೆ ಕುಸಿದಳು. ಒಂಥರಾ ನಿರಾಳವಾದಂತೆಯೂ ಕಂಡಳು.

"ವೈರಸ್ ಮಾಡೋ ದಿನ ಟ್ಯೂಬ್ ಅದಲುಬದಲಾಗಿತ್ತು," ಎಂದಳು. "ಬೇರೆ ಜೀನಿನ ಚೀಟಿ ಹೋಗಿತ್ತು, ಕೋಶ ಬದುಕೋಕೇ ಬೇಕಾದ ಜೀನಿಂದು. ಕೋಶಗಳು ಬೆಳೆಯೋದು ನಿಲ್ಲಿಸಿರ್ಲಿಲ್ಲ, ಸಾಯ್ತಾ ಇದ್ವು. ನನಗೆ ಗೊತ್ತಾಗೋ ಹೊತ್ತಿಗೆ ಎಲ್ಲಾ ಕಡೆ ಅಚ್ಚಾಗಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಸಾಕಾಗಿಹೋಯ್ತು."

ಹುಡುಗಿ ಅಕ್ಕನ ಎದುರು ಬಂದು ನಿಂತಳು.

"ನನ್ನ ಮೇಲೆ ಬರುತ್ತೆ ಅಂತ ಗೊತ್ತಿತ್ತಾ ಅಕ್ಕಾ?"

ಅಕ್ಕ ಅವಳ ಕೈ ಹಿಡಿಯಲು ಕೈಚಾಚಿದಳು.

"ನಿನಗಿನ್ನೂ ವಯಸ್ಸಿದೆ ಮರಿ. ಹೇಗೋ ಸುಧಾರಿಸ್ಕೊತೀಯ ಅಂದ್ಕೊಂಡೆ."

ಹುಡುಗಿಗೆ ಬೆಳಿಗ್ಗೆಯಿಂದ ಸುರಿಯುತ್ತಿದ್ದ ಅಳು ಅಲ್ಲಿಗೆ ನಿಂತಿತು. ಕಪಾಟಿನಿಂದ ಹೊಸ ಗ್ಲೌಸ್ ತೆಗೆದು ಹಾಕಿಕೊಂಡಳು. ಇನ್ನು ಎಲ್ಲವನ್ನೂ ಮೊದಲಿನಿಂದ ಮಾಡಬೇಕು.

"ಸ್ವಲ್ಪ ಏಳಿ ಡಾಕ್ಟರ್," ಎಂದಳು. "ಅದು ನಾನು ಕೂರೋ ಕುರ್ಚಿ."