ನಮ್ಮ ಮನೆ ಕಡೆ ತಿರುಗದ ಹಾರ್ನು

"ಆ ಡಿಸ್ಕೋ ಪ್ಲೇಟು ಇನ್ನೂ ಐತೇನ್ರಿ?"

ಸಿಂಧನೂರಿನ ಮೈಕ್‌ಸೆಟ್ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದ ಚನ್ನವೀರನ ಕೈ ನಿಂತೇ ಹೋಯಿತು. ಈ ದನಿ...!

ತಲೆಯೆತ್ತಿದರೆ ಅಮರೇಶ್ವರಿ! ಕೂದಲು ನೆರೆತಿದೆ, ಹಣೆಯಲ್ಲಿ ವಿಭೂತಿ. ಕಣ್ಣಿನ ಸಿಟ್ಟು ಮಾತ್ರ ಹದಿನೆಂಟರದ್ದೇ.

ಮೊಮ್ಮಗಳು ಅಶ್ವಿನಿಯ ಮದುವೆಗೆ ಮೈಕ್ ಗೊತ್ತುಮಾಡಲು ಮಗ ವಿರೇಶನ ಜೊತೆ ಮಸ್ಕಿಯಿಂದ ಬಂದಿದ್ದಳು. ಇದು ಯಾರ ಅಂಗಡಿ ಎಂದು ಗೊತ್ತಿದ್ದೇ ಬಂದಿದ್ದಳು.

"ಯವ್ವಾ, ಡಿಸ್ಕೋ ಯಾಕ ಬೇ? ಬೀಗರು ಏನಂತಾರ? ಗಂಡ ಸತ್ತಾಕಿ..." ವಿರೇಶ ನಾಲಿಗೆ ಕಚ್ಚಿಕೊಂಡ.

"ನಿಮ್ಮಪ್ಪ ಸತ್ತಾನ. ನನ್ನ ಕಿವಿ ಸತ್ತಿಲ್ಲಲೇ! ನೀ ಹೋಗಿ ಚಾ ಕುಡದು ಬಾ."

ಅವನು ಗೊಣಗುತ್ತಾ ಹೋದ.

ಚನ್ನವೀರ ಪ್ಲೇಟಿನ ದೂಳು ಒರೆಸಿ ಗ್ರಾಮಫೋನಿಗೆ ಹಚ್ಚಿದ. ಕರಕರ ಸದ್ದು... ಆಮೇಲೆ ಅದೇ ತಾಳ! ಅವಳ ಹೆಬ್ಬೆರಳು ತಾನಾಗಿಯೇ ನೆಲ ಬಡಿಯತೊಡಗಿತು. ಅದರ ಮೇಲೂ ಅವಳಿಗೆ ಸಿಟ್ಟು ಬಂತು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಅವಳ ತವರು ಪಾಮನಕಲ್ಲೂರಿನ ಯಾವ ಮದುವೆಗೆ ಈತ ಮೈಕ್ ಕಟ್ಟಿದರೂ ಹಾರ್ನಿನ ಬಾಯಿ ಅವಳ ಮನೆ ಕಡೆಗೇ ಇರುತ್ತಿತ್ತು. ಈ ಹಾಡು ಬಂದರೆ ಸಾಕು, ಅವಳು ರೊಟ್ಟಿ ಬಡಿಯುವುದು ಬಿಟ್ಟು ಒಲೆ ಮುಂದೆಯೇ ಕುಣಿಯುತ್ತಿದ್ದಳು.

ಒಂದು ದಿನ ಆತ ಪಿಸುಗುಟ್ಟಿದ್ದ: "ನಮ್ಮಿಬ್ಬರ ಮದುವಿಗೆ ನಮ್ಮವ್ವ ಒಪ್ಪಿದ್ರ ನಾಳಿ ಹಾರ್ನು ನಿಮ್ಮನಿ ಕಡೆ ಇರ್ತೈತಿ. ಇಲ್ಲಂದ್ರ ಹೊಲದ ಕಡೆ."

ಮರುದಿನ ಹಾರ್ನು ಹೊಲದ ಕಡೆ ತಿರುಗಿತ್ತು! ಅತ್ತೂ ಅತ್ತೂ, ಅಪ್ಪ ತೋರಿಸಿದ ಗಂಡಿಗೆ ಹೂಂ ಅಂದುಬಿಟ್ಟಳು.

"ಯಾಕ ತಿರುಗಿಸಿದ್ರಿ? ಅದೊಂದು ಹೇಳ್ರಿ ಸಾಕು."

"ನಮ್ಮವ್ವ ಒಪ್ಪಿದ್ಲು, ಅಮರೇಶ್ವರಿ! ನಿಮ್ಮನಿ ಕಡೇನ ಕಟ್ಟಿದ್ದೆ. ನಿಮ್ಮ ಬಾಜೂ ಮನಿ ಗಾಳೆಮ್ಮ ಬಂದು, 'ಮನ್ಯಾಗ ಬಾಣಂತಿ ಅದಾಳ, ಕೂಸು ಬೆಚ್ಚಿ ಬೀಳಾಕತ್ತೈತಿ' ಅಂತ ಕೈ ಮುಗದ್ಲು. ಬಾಣಂತಿ ಮನಿ ಮ್ಯಾಲೆ ಹೆಂಗ ಊದಿಸ್ಲಿ? ಮದುವಿ ಮುಗಿಸಿ ಹೇಳಾಕ ಬರೋದ್ರಾಗ ನಿನ್ನ ನಿಶ್ಚಯ ಆಗಿತ್ತು. ನೀನಾ ಮನಸ್ಸು ಬದಲ್ ಮಾಡಿದಿ ಅನ್ಕೊಂಡೆ..."

ಒಂದು ಕೂಸಿನ ನಿದ್ದೆಗೆ ತನ್ನ ಇಡೀ ಹರೆಯ ಹೋಯಿತೇ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಮನ್ಯಾಗ ಯಾರದಾರ?"

"ಯಾರೂ ಇಲ್ಲ. ಈ ಹಾರ್ನು ಐತಿ."

ವಿರೇಶ ಬಂದು ನೋಡಿದರೆ ಅವ್ವನ ಕಣ್ಣು ಒದ್ದೆ. "ಯವ್ವಾ, ಏನಾತು?"

"ಮೈಕ್ ಗೊತ್ತಾತು. ಡಿಸ್ಕೋನ! ನಾನೂ ಕುಣೀತೀನಿ. ಬೀಗರಿಗೂ ಕುಣಿಯಾಕ ಹೇಳು!"

ಮಸ್ಕಿಯಲ್ಲಿ ಅರಿಶಿಣದ ದಿನ. ಮಾಳಿಗೆಯ ಮೇಲೆ ಚನ್ನವೀರ ಹಾರ್ನು ಕಟ್ಟುತ್ತಿದ್ದ. ವಿಧವೆ ಅರಿಶಿಣದ ಹತ್ತಿರ ಸುಳಿಯಬಾರದೆಂದು ಯಾರೋ ಗದರಿದರು. ಅಮರೇಶ್ವರಿ ಮೊಮ್ಮಗಳ ಕೆನ್ನೆಗೆ ಅರಿಶಿಣ ಬಳಿದು, ಅದೇ ಕೈಯಲ್ಲಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳು.

"ಬಾಯಿ ಯಾ ಕಡೆ ಇಡ್ಲಿ?" ಆತ ಕೇಳಿದ.

"ಊರ ಕಡೆ. ಎಲ್ಲಾರೂ ಕೇಳಲಿ."

"ಯಾರು ಹಚ್ಯಾರಂತ ಕೇಳಿದ್ರ?"

ಎಲ್ಲರೂ ನೋಡುತ್ತಿರುವಾಗಲೇ ಅವಳು ಆತನ ಕೈ ಹಿಡಿದಳು. ಅರಿಶಿಣ ಆತನ ಬೆರಳಿಗೂ ಅಂಟಿತು.

"ನನ್ನ ಮನಿಯವ್ರು ಅಂತೀನಿ!"

ಕೆಳಗೆ ವಿರೇಶ ಬಾಯಿ ತೆರೆದು ನಿಂತ. ಮದುಮಗಳು ಮಾತ್ರ ಸಿಳ್ಳೆ ಹೊಡೆದಳು.

ಚನ್ನವೀರ ಹಾರ್ನಿನ ಬಾಯಿಯನ್ನು ಊರ ಕಡೆ ತಿರುಗಿಸಿದ. "ಹಂಗಾರ... ಸೌಂಡ್ ಇನ್ನಾ ಸ್ವಲ್ಪ ಏರಿಸ್ಲಿ?"

"ಏರಿಸ್ರಿ! ಈಗ ಇಲ್ಲಿ ಯಾ ಕೂಸೂ ಮಲಗಿಲ್ಲ."